ಮನೆಯಲ್ಲೇ ಮಾಡಿದ ಮಿಡಿ ಡಬ್ಬಿ: 3 ವರ್ಷ ಬಳಸಿದ ಮೇಲೆ

ನಾಬ್ ಡಬ್ಬಿ ಮನೆಯಲ್ಲೇ ಮಾಡಿಕೊಳ್ಳಿ, ಕೀಬೋರ್ಡ್ ದುಡ್ಡು ಕೊಟ್ಟು ತಗೊಳ್ಳಿ, ಡ್ರಮ್ ಪ್ಯಾಡ್ ಸಹವಾಸಕ್ಕಂತೂ ಹೋಗಲೇಬೇಡಿ. 3 ವರ್ಷದಲ್ಲಿ ನಾನು ಕಲಿತದ್ದು ಇಷ್ಟೇ. (ಮಿಡಿ ಅಂದರೆ ನಾಬ್, ಕೀಲಿಗಳು ಸಂಗೀತದ ಸಾಫ್ಟ್‌ವೇರಿಗೆ ಅಂಕಿಗಳಲ್ಲಿ ಆಜ್ಞೆ ಕಳಿಸೋ ಭಾಷೆ. ನಾಬ್ ತಿರುಗಿಸಿದರೆ ಕಂಪ್ಯೂಟರಿನಲ್ಲಿ ವಾಲ್ಯೂಮ್ ಏರಿಳಿಯಬೇಕು, ಡಬ್ಬಿಯ ಕೆಲಸ ಅಷ್ಟೇ.) ಇಷ್ಟು ಕಲಿಯೋ ಹೊತ್ತಿಗೆ ಒಂದು ಬೋರ್ಡ್ ಸತ್ತಿತು, ಒಂದು ಜೊತೆ ಹವಾಯಿ ಚಪ್ಪಲಿ ಹೋಯಿತು, ತಂಗಿಯ ಹತ್ತಿರ ಬೈಸಿಕೊಂಡಿದ್ದೂ ಆಯಿತು.

ನನ್ನ ಸ್ಟುಡಿಯೋ ಅಂದರೆ ಬೆಂಗಳೂರಿನ ಬಾಡಿಗೆ ಮನೆಯ ಚಿಕ್ಕ ರೂಮು. ಹಳೇ ಲ್ಯಾಪ್‌ಟಾಪ್, ಸೆಕೆಂಡ್ ಹ್ಯಾಂಡ್ ಆಡಿಯೋ ಇಂಟರ್‌ಫೇಸ್ (ಮೈಕಿನ ಧ್ವನಿಯನ್ನು ಕಂಪ್ಯೂಟರಿಗೆ ಮುಟ್ಟಿಸೋ ಪೆಟ್ಟಿಗೆ), ಒಂದು ಕಂಡೆನ್ಸರ್ ಮೈಕ್, ಒಂದು ಹೆಡ್‌ಫೋನ್. ರೆಕಾರ್ಡಿಂಗ್, ಮಿಕ್ಸಿಂಗ್ ಮಾಡೋ ಸಾಫ್ಟ್‌ವೇರ್ ರೀಪರ್. 60 ದಿನ ಫ್ರೀ ಆಗಿ ಬಳಸಿ ನೋಡಬಹುದು, ಆಮೇಲೆ ನಮ್ಮಂಥವರಿಗೆ ಲೈಸೆನ್ಸ್ 60 ಡಾಲರ್. ಗೋಡೆಗೆ ಫೋಮ್ ಹಾಕಿಸೋ ಬದಲು ಅಮ್ಮ ಊರಿಂದ ಕಳಿಸಿದ 3 ಕೌದಿ ನೇತುಹಾಕಿದ್ದೇನೆ. ಹಳೇ ಸೀರೆ ನಾಲ್ಕೈದು ಪದರ ಸೇರಿಸಿ ಹೊಲಿದಿದ್ದು, ರೂಮಿನ ಪ್ರತಿಧ್ವನಿಯನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಆದರೆ ಪಕ್ಕದ ಮನೆ ಕುಕ್ಕರ್ ಸೀಟಿಯನ್ನು ಯಾವ ಕೌದಿಯೂ ತಡೆಯಲ್ಲ. ಅದಕ್ಕೇ ನಮ್ಮ ರೆಕಾರ್ಡಿಂಗ್ ಎಲ್ಲ ರಾತ್ರಿ 10ರ ಮೇಲೆ.

ತಂಗಿ ಭಾವಗೀತೆ ಹಾಡುತ್ತಾಳೆ, ಮಿಕ್ಕಿದ್ದೆಲ್ಲ ನಾನು. ಮೌಸ್ ಹಿಡಿದು ಮಿಕ್ಸ್ ಮಾಡಿದವರಿಗೆ ಗೊತ್ತು, ಒಂದು ಸಲಕ್ಕೆ ಒಂದೇ ಫೇಡರ್ (ಪರದೆ ಮೇಲಿನ ವಾಲ್ಯೂಮ್ ಪಟ್ಟಿ) ಎಳೆಯಬಹುದು. ತಂಬೂರಿ ಇಳಿಸುತ್ತಾ ಕೊಳಲು ಏರಿಸಬೇಕು ಅಂದರೆ ಎರಡು ಕೈ ಬೇಕು, ಎರಡು ನಾಬ್ ಬೇಕು. ಡಬ್ಬಿ ಮಾಡಿದ್ದು ಅದಕ್ಕೆ.

ಸಾಮಾನೆಲ್ಲ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಿನದು. ಪ್ರೋ ಮೈಕ್ರೋ ಬೋರ್ಡ್ (ನಾವೇ ಕೋಡ್ ಬರೆದು ತುಂಬಬಹುದಾದ ಪುಟ್ಟ ಸರ್ಕ್ಯೂಟ್) ಒಂದು, 10ಕೆ ಪಾಟ್ (ನಾಬ್ ಕೆಳಗಿನ ತಿರುಗೋ ರೆಸಿಸ್ಟರ್) 8, ನಾಬ್ ಟೋಪಿ 8, ಒಂದಿಷ್ಟು ವೈರು. ಅಂಗಡಿಯಲ್ಲಿ ಪೊಟೆನ್ಷಿಯೋಮೀಟರ್ ಅಂತ ನಾಲಿಗೆ ತಿರುಚಬೇಕಾಗಿಲ್ಲ, ‘10ಕೆ ವಾಲ್ಯೂಮ್’ ಅಂದರೆ ಸಾಕು. ಆದರೆ ಬಿ10ಕೆ ಅಂತಲೇ ಕೇಳಿ. ನಾನು ನೋಡದೆ ಎ10ಕೆ ತಂದೆ. ಅದು ಲಾಗ್ ಟೈಪು. ಅರ್ಧ ಸುತ್ತು ತಿರುಗಿಸಿದರೂ ಹೆಚ್ಚೇನೂ ಆಗಲ್ಲ, ಆಮೇಲೆ ಸರ್ರನೆ ಏರುತ್ತದೆ. ಡಬ್ಬಿ ಅಂದರೆ ಎಲೆಕ್ಟ್ರಿಕಲ್ ಅಂಗಡಿಯ ಪಿವಿಸಿ ಸ್ವಿಚ್ ಬೋರ್ಡ್ ಬಾಕ್ಸು, ಕಾದ ಸೋಲ್ಡರಿಂಗ್ ಕಡ್ಡಿಯಿಂದ ತೂತು ಹೊಡೆದದ್ದು (ಕಿಟಕಿ ತೆಗೆದಿಟ್ಟು ಮಾಡಿ, ಆ ಹೊಗೆ ಒಳ್ಳೆಯದಲ್ಲ. ಡ್ರಿಲ್ ಇದ್ದರೆ ಅದೇ ವಾಸಿ). ಎಲ್ಲ ಸೇರಿ 1,000 ರೂಪಾಯಿ ದಾಟಿತು, 1,200 ಮುಟ್ಟಲಿಲ್ಲ.

ಇಂಥದೇ ಇನ್ನೊಂದು ಬೋರ್ಡ್ ಆರ್ಡುಯಿನೋ ಉನೋ ಮನೆಯಲ್ಲಿ ಬಿದ್ದಿದೆ, ಅದೇ ಸಾಕಲ್ವಾ ಅಂತ ಕೇಳಬೇಡಿ. ಉನೋ ತಾನಾಗಿಯೇ ಯುಎಸ್‌ಬಿ ಮಿಡಿ ಆಗಲ್ಲ, ನಡುವೆ ಇನ್ನೊಂದು ಪ್ರೋಗ್ರಾಂ ಓಡಿಸಬೇಕು, ಇಲ್ಲ ಅದರ ಯುಎಸ್‌ಬಿ ಚಿಪ್ಪಿನ ಫರ್ಮ್‌ವೇರ್ ಬದಲಿಸಬೇಕು. ಪ್ರೋ ಮೈಕ್ರೋದ 32ಯು4 ಚಿಪ್ಪಿಗೆ ಆ ಗೋಳಿಲ್ಲ. ಚುಚ್ಚಿದರೆ ಮುಗೀತು, ಡ್ರೈವರ್ ಬೇಡ, ಓಟಿಜಿ ಕೇಬಲ್ ಹಾಕಿದರೆ ನನ್ನ ಫೋನಿಗೂ ಗುರುತು ಸಿಗುತ್ತದೆ. 9 ಅನಲಾಗ್ ಪಿನ್ ಇರೋದರಿಂದ 8 ನಾಬಿಗೆ ಮಲ್ಟಿಪ್ಲೆಕ್ಸರ್ (ಒಂದೇ ಪಿನ್ನಿಗೆ ಹಲವು ನಾಬ್ ಸೇರಿಸೋ ಚಿಪ್ಪು) ಕೂಡ ಬೇಕಿಲ್ಲ.

ಮೊದಲ ರಾತ್ರಿಯೇ ಭೂತ ಬಂತು. ನಾಬ್ ಯಾರೂ ಮುಟ್ಟಿಲ್ಲ, ರೀಪರಿನಲ್ಲಿ ತಂಬೂರಿಯ ವಾಲ್ಯೂಮ್ ಗೆರೆ ಗರಗಸದ ಹಲ್ಲಿನ ಥರ ಮೇಲೆ ಕೆಳಗೆ ಓಡುತ್ತಿದೆ. 64, 65, 64, 65. ಕಾರಣ ಸುಲಭ. ಬೋರ್ಡ್ ಪಾಟಿನ ವೋಲ್ಟೇಜನ್ನು 0ಯಿಂದ 1023ರವರೆಗೆ ಓದುತ್ತದೆ, ಮಿಡಿಗೆ ಬೇಕಾದ್ದು 0ಯಿಂದ 127 ಮಾತ್ರ. 1983ರಲ್ಲಿ ಮಾಡಿದ ಲೆಕ್ಕ ಇವತ್ತಿಗೂ ಅದೇ. ಹಾಗಾಗಿ 8ರಿಂದ ಭಾಗಿಸಬೇಕು. ಓದಿದ್ದು ಸರಿಯಾಗಿ ಎರಡು ಅಂಕಿಯ ಗಡಿಯಲ್ಲಿ ಕೂತರೆ ಸಣ್ಣ ನಾಯ್ಸ್ ಬಂದರೂ ಆ ಕಡೆ ಈ ಕಡೆ ಜಿಗಿಯುತ್ತದೆ. ಹಿಂದಿನ ಓದಿಗಿಂತ ಒಂದಿಷ್ಟು ಜಾಸ್ತಿ ಬದಲಾದರೆ ಮಾತ್ರ ಕಳಿಸು ಅಂತ ಕೋಡಿನಲ್ಲಿ ಎರಡು ಸಾಲು ಬರೆದೆ, ಪ್ರತಿ ಪಾಟಿನ ನಡುಕಾಲಿಗೂ ಗ್ರೌಂಡಿಗೂ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆ. ಭೂತ ಹೋಯಿತು, ಮತ್ತೆ ಬಂದಿಲ್ಲ.

ತಂಗಿ ಬೈದದ್ದು ಬೇರೆ ವಿಷಯಕ್ಕೆ. ಆಸೆಗೆ ಬಿದ್ದು ಒಂದು ಸ್ಲೈಡರ್ ಸೇರಿಸಿ ಅದನ್ನು ಪಿಚ್ ಬೆಂಡ್, ಅಂದರೆ ಶ್ರುತಿ ಮೇಲೆ ಕೆಳಗೆ ಜಾರಿಸೋ ಕಂಟ್ರೋಲ್, ಮಾಡಿದ್ದೆ. ಹಾಡು ಪೂರ್ತಿ ರೆಕಾರ್ಡ್ ಆದ ಮೇಲೆ ಹೆಡ್‌ಫೋನ್ ತೆಗೆದು ‘ಅಣ್ಣ, ತಂಬೂರಿ ನಿನ್ನೆಯ ಥರ ಇಲ್ಲ, ಒಂಚೂರು ಮೇಲಿದೆ’ ಅಂದಳು. ಸುಮ್ನೆ ಹೇಳ್ತಾಳೆ ಅಂದುಕೊಂಡು ಟ್ಯೂನರ್ ಹಾಕಿ ನೋಡಿದರೆ 6 ಸೆಂಟ್ ಜಾಸ್ತಿ! (ಅರ್ಧ ಸ್ವರದ ನೂರನೇ ಒಂದು ಪಾಲು ಒಂದು ಸೆಂಟ್.) ಸ್ಲೈಡರ್ ಕಣ್ಣಿಗೆ ನಡುವೆಯೇ ಇತ್ತು. ಆದರೆ ಪಿಚ್ ಬೆಂಡಿನ ನಡು ಅಂದರೆ 8192, ಒಂದೇ ಒಂದು ಅಂಕಿ. ನನ್ನ ಸ್ಲೈಡರ್ ಕೊಡೋದು 1024 ಮೆಟ್ಟಿಲು, ಮೇಲೊಂದು ಕೆಳಗೊಂದು ಪೂರ್ತಿ ಸ್ವರದಷ್ಟು ಹರವಿದರೆ ಮೆಟ್ಟಿಲಿಗೆ ಸುಮಾರು 0.4 ಸೆಂಟ್. 15 ಮೆಟ್ಟಿಲು ತಪ್ಪಿತ್ತು, ಅಂದರೆ ಸ್ಲೈಡರಿನ ಮೇಲೆ ಒಂದು ಮಿಲಿಮೀಟರ್ ಆಸುಪಾಸು. ಅವಳು ಆ ತಂಬೂರಿಗೆ ಸೇರಿಸಿ ಹಾಡಿದ್ದಳು, ಹಿಂದಿನ ದಿನ ನುಡಿಸಿಟ್ಟ ಕೊಳಲು ಬೇರೆ ಕಡೆ ನಿಂತಿತ್ತು. ಇಡೀ ಹಾಡು ಮತ್ತೆ. ಈಗ ನಡುವಿನ 40 ಮೆಟ್ಟಿಲು ಎಲ್ಲೇ ಇದ್ದರೂ 8192 ಅಂತಲೇ ಕಳಿಸುತ್ತದೆ.

ಡ್ರಮ್ ಪ್ಯಾಡ್ ಕಥೆ ಚಿಕ್ಕದು. ಪೀಜೋ ಬಿಲ್ಲೆ (ಬಡಿದರೆ ಕರೆಂಟ್ ಹುಟ್ಟಿಸೋ ತೆಳು ಬಿಲ್ಲೆ) 4, ಪ್ರತಿಯೊಂದಕ್ಕೂ 1 ಮೆಗಾಓಮ್ ರೆಸಿಸ್ಟರ್, ಮೇಲೆ ಹವಾಯಿ ಚಪ್ಪಲಿ ಕತ್ತರಿಸಿ ಅಂಟಿಸಿದ ರಬ್ಬರ್. ಅಮ್ಮ ನೋಡಿ ‘ಸರಸ್ವತಿ ಮುಂದೆ ಚಪ್ಪಲಿ ಬಡೀತಿದ್ದೀಯಲ್ಲೋ’ ಅಂದರು. ಒಂದು ಹೊಡೆದರೆ ಪಕ್ಕದ್ದೂ ಸದ್ದು ಮಾಡುತ್ತಿತ್ತು, ಹಲಗೆ ಒಂದೇ ಅಲ್ವಾ, ನಡುಕ ಹಾದುಹೋಗುತ್ತದೆ. ಒಂದು ಹೊಡೆದ ಮೇಲೆ 100 ಮಿಲಿಸೆಕೆಂಡ್ ಮಿಕ್ಕವನ್ನು ಕೇಳಬೇಡ ಅಂತ ಕೋಡ್ ಬರೆದೆ. ಆಗ ತಕಧಿಮಿ ವೇಗ ಹೆಚ್ಚಿಸಿದ ಕೂಡಲೇ ಅಕ್ಷರ ನುಂಗತೊಡಗಿತು. 30ಕ್ಕೆ ಇಳಿಸಿದರೆ ಮತ್ತೆ ಪಕ್ಕದ್ದು ಸದ್ದು. ಬಿಟ್ಟೆ.

ಕೀಬೋರ್ಡಿಗೂ ಕೈ ಹಾಕಿದೆ, ಕೆಟ್ಟುಹೋದ ಮಕ್ಕಳ ಆಟದ ಕೀಬೋರ್ಡ್ ಬಿಚ್ಚಿ. ಪ್ರತಿ ಕೀಲಿಗೆ ಒಂದು ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡೋ ಬಿಡಿಭಾಗ) ಹಾಕದಿದ್ದರೆ ಮೂರು ಒತ್ತಿದಾಗ ಒತ್ತದ ನಾಲ್ಕನೆಯದೂ ನುಡಿಯುತ್ತದೆ, ಅದು ಸರಿಮಾಡಿಕೊಳ್ಳಬಹುದು. ಸರಿಮಾಡಲು ಆಗದ್ದು ಒತ್ತಡ. ಅಂಗಡಿಯ ಕೀಬೋರ್ಡಿನಲ್ಲಿ ಪ್ರತಿ ಕೀಲಿ ಕೆಳಗೆ ಎರಡು ಕಾಂಟ್ಯಾಕ್ಟ್ ಇರುತ್ತವೆ, ಮೊದಲನೆಯದು ತಾಗಿ ಎರಡನೆಯದು ತಾಗೋ ನಡುವಿನ ಸಮಯ ಅಳೆದು ಎಷ್ಟು ಜೋರಾಗಿ ಒತ್ತಿದಿರಿ ಅಂತ ಲೆಕ್ಕ ಹಾಕುತ್ತದೆ. ಆಟದ್ದರಲ್ಲಿ ಇರೋದು ಒಂದೇ. ಪಿಯಾನೋ ನುಡಿಸಿದರೆ ಟೈಪ್‌ರೈಟರ್ ಕುಟ್ಟಿದ ಹಾಗೆ.

ಬಿಸಾಡುವ ಮುಂಚೆ ಒಂದು ವಿಷಯ ಹೊಳೆಯಿತು. ಹಾರ್ಮೋನಿಯಂ ಕೀಲಿಗಳಿಗೂ ಒತ್ತಡ ಗೊತ್ತಾಗಲ್ಲ! ಜೋರು, ಮೆದು ಎಲ್ಲ ಎಡಗೈ ತಿದಿಯಲ್ಲಿ. ನಾಬ್ ಡಬ್ಬಿಯ ಒಂದು ನಾಬನ್ನು ಎಕ್ಸ್‌ಪ್ರೆಷನ್ನಿಗೆ, ಅಂದರೆ ನುಡಿಸುತ್ತಲೇ ಜೋರು, ಮೆದು ಮಾಡೋ ಮಿಡಿಯ 11ನೇ ಕಂಟ್ರೋಲಿಗೆ ಕೊಟ್ಟೆ. ಬಲಗೈ ಕೀಲಿ ಮೇಲೆ, ಎಡಗೈ ನಾಬ್ ಮೇಲೆ. ಹಾರ್ಮೋನಿಯಂ ಸ್ಯಾಂಪಲ್ ಹಾಕಿ ನುಡಿಸಿದರೆ ಉಸಿರು ಬಂತು. ಈಗ ಅದೊಂದಕ್ಕೇ ಅದನ್ನು ಇಟ್ಟುಕೊಂಡಿದ್ದೇನೆ, ಮಿಕ್ಕಿದ್ದಕ್ಕೆ 25 ಕೀಲಿಯ ಸೆಕೆಂಡ್ ಹ್ಯಾಂಡ್ ಕೀಬೋರ್ಡ್ ತಂದೆ.

3 ವರ್ಷದಲ್ಲಿ ಕೆಟ್ಟದ್ದು ಏನೇನು? ಬೋರ್ಡಿನ ಮೈಕ್ರೋ ಯುಎಸ್‌ಬಿ ಬಾಯಿ ಕಿತ್ತು ಬಂತು, ತಾಮ್ರದ ಪಟ್ಟಿ ಸಮೇತ. ಪ್ರೋ ಮೈಕ್ರೋ ಬಳಸಿದವರೆಲ್ಲ ಹೇಳೋ ದೂರು ಇದು, ನಾನು ಕೇಳಿರಲಿಲ್ಲ. ಹೊಸ ಬೋರ್ಡಿಗೆ ಮೊದಲ ದಿನವೇ ಸುತ್ತ ಎಂ-ಸೀಲ್ ಮೆತ್ತಿ, ಕೇಬಲ್ಲನ್ನು ಡಬ್ಬಿಗೇ ಟೈ ಹಾಕಿ ಬಿಗಿದೆ. ಎರಡನೇ ವರ್ಷ 3 ಪಾಟ್ ಕರಕರ ಅಂದವು, ಧೂಳು. ಕಾಂಟ್ಯಾಕ್ಟ್ ಕ್ಲೀನರಿಗೆ ಎರಡು ಸುಮ್ಮನಾದವು, ಒಂದನ್ನು ಬದಲಿಸಿದೆ. ಹತ್ತು ನಿಮಿಷದ ಕೆಲಸ. ಎರಡನೇ ಡಬ್ಬಿ ಮಾಡಿದಾಗ ರೀಪರಿಗೆ ಎರಡೂ ‘ಆರ್ಡುಯಿನೋ ಲಿಯೋನಾರ್ಡೋ’ (ಅದೇ ಚಿಪ್ಪಿನ ಇನ್ನೊಂದು ಬೋರ್ಡಿನ ಹೆಸರು) ಅಂತ ಕಂಡು ಯಾವುದು ಯಾವುದೋ ಆಯಿತು, ಆರ್ಡುಯಿನೋ ಸಾಫ್ಟ್‌ವೇರಿನ ಬೋರ್ಡ್ಸ್ ಡಾಟ್ ಟಿಎಕ್ಸ್‌ಟಿ ಫೈಲಿನಲ್ಲಿ ಒಂದರ ಹೆಸರು ಬದಲಿಸಿ ಮತ್ತೆ ಅಪ್‌ಲೋಡ್ ಮಾಡಿದ ಮೇಲೆ ಸರಿಹೋಯಿತು.

ಒಂದು ಸಲ 5 ವೋಲ್ಟ್ ಬೋರ್ಡಿಗೆ 3.3 ವೋಲ್ಟಿನ ಸೆಟ್ಟಿಂಗ್ ಹಾಕಿ ಅಪ್‌ಲೋಡ್ ಮಾಡಿದೆ, ಕಂಪ್ಯೂಟರಿಗೆ ಬೋರ್ಡೇ ಕಾಣದಾಯಿತು. ಸತ್ತಿತು ಅಂತ ಎಸೆಯಬೇಡಿ. ರೀಸೆಟ್ ಪಿನ್ನನ್ನು ಗ್ರೌಂಡಿಗೆ ಪಟಪಟ ಎರಡು ಸಲ ತಾಗಿಸಿದರೆ ಸುಮಾರು 8 ಸೆಕೆಂಡ್ ಎಚ್ಚರವಾಗುತ್ತದೆ, ಅಷ್ಟರಲ್ಲಿ ಸರಿಯಾದ ಸೆಟ್ಟಿಂಗಿನಲ್ಲಿ ಅಪ್‌ಲೋಡ್ ಮಾಡಬೇಕು. ನನಗೆ ಐದನೇ ಪ್ರಯತ್ನಕ್ಕೆ ಸಿಕ್ಕಿತು.

ಇನ್ನು ತಡ. ಕೀಲಿ ಒತ್ತಿ ಆಮೇಲೆ ಸದ್ದು ಬಂದರೆ ಎಲ್ಲರೂ ಡಬ್ಬಿಯನ್ನೇ ಬೈಯುತ್ತಾರೆ, ನಾನೂ ಬೈದೆ. ತಪ್ಪು ಬಫರಿನದು, ಅಂದರೆ ಕಂಪ್ಯೂಟರ್ ಧ್ವನಿಯನ್ನು ಹೊರಬಿಡೋ ಮುಂಚೆ ಕೂಡಿಟ್ಟುಕೊಳ್ಳೋ ತುಣುಕಿನದು. 48 ಕಿಲೋಹರ್ಟ್ಸಿನಲ್ಲಿ 1024 ಸ್ಯಾಂಪಲ್ ಬಫರ್ ಅಂದರೆ ಅದೊಂದೇ 21 ಮಿಲಿಸೆಕೆಂಡ್, 128ಕ್ಕೆ ಇಳಿಸಿದರೆ 3ರ ಒಳಗೆ. ನುಡಿಸುವಾಗ 128, ಮಿಕ್ಸ್ ಮಾಡುವಾಗ 1024. ಮೈಕಿನಲ್ಲಿ ಗುಂಯ್ ಅಂತ 50 ಹರ್ಟ್ಸ್ ಸದ್ದು ಬಂದರೆ ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ನೋಡಿ. ನಮ್ಮ ಮನೆಯಲ್ಲಿ ಟೇಕ್ ಎಲ್ಲ ಬ್ಯಾಟರಿಯಲ್ಲೇ.

ಈಗ ಮೊದಲಿಂದ ಶುರುಮಾಡೋದಾದರೆ ದುಡ್ಡಿನ ದೊಡ್ಡ ಪಾಲು ಇಂಟರ್‌ಫೇಸಿಗೆ ಮತ್ತು ಮೈಕಿಗೆ ಹಾಕುತ್ತೇನೆ, ಅವನ್ನು ಮನೆಯಲ್ಲಿ ಮಾಡಕ್ಕಾಗಲ್ಲ. ಕೀಬೋರ್ಡ್ ಸೆಕೆಂಡ್ ಹ್ಯಾಂಡ್. ನಾಬ್ ಡಬ್ಬಿ ಒಂದೇ, 8 ನಾಬಿನದು, 16ರದ್ದು ಬೇಡ. ನನ್ನ ಎರಡನೇ ಡಬ್ಬಿಯಲ್ಲಿ 16 ಇದೆ, ಯಾವ ನಾಬ್ ಯಾವುದಕ್ಕೆ ಅಂತ ಇವತ್ತಿಗೂ ಬ್ಯಾಂಡೇಜ್ ಪಟ್ಟಿ ಅಂಟಿಸಿ ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ.