ಕಾರಿನ ಮುಂದಿನ ಗ್ಲಾಸ್ ಕೂರಿಸಲು ಸಿಲಿಕೋನ್ ಹಾಕಿಸಬೇಡಿ

ಹುಬ್ಬಳ್ಳಿ-ಧಾರವಾಡ, ಹಾವೇರಿ, ಗದಗ ಸುತ್ತ ಕಾರಿನ ಮುಂದಿನ ಗ್ಲಾಸ್ ಬದಲಿಸುವವರು ಗಾಡಿ ಬಿಡುವ ಮೊದಲು ಇದನ್ನೊಮ್ಮೆ ಓದಿ.

ಧಾರವಾಡದ ಒಂದು ಸಣ್ಣ ಕಾರು. ಬೇಸಿಗೆಯಲ್ಲಿ ಹಾವೇರಿ ಹೈವೇ ಮೇಲೆ ಟಿಪ್ಪರ್‌ನಿಂದ ಸಿಡಿದ ಜಲ್ಲಿಕಲ್ಲಿಗೆ ಗ್ಲಾಸ್ ಸೀಳಿತು. “ಚಾ ಕುಡದು ಬರ್ರಿ, ಒಂದ್ ತಾಸಿನ್ಯಾಗ ಗಾಡಿ ರೆಡಿ ಇರ್ತೈತಿ” ಅಂದ ಅಂಗಡಿಯಲ್ಲಿ ಹೊಸದು ಹಾಕಿಸಿದರು. ಮಳೆ ಹಿಡಿದ ಮೇಲೆ ಎಡಗಡೆ ಸೀಟಿನ ಮುಂದಿನ ಮ್ಯಾಟ್ ತೊಯ್ಯತೊಡಗಿತು. ಎಸಿ ನೀರು ಹೋಗುವ ಪೈಪ್ ಕಟ್ಟಿದೆ ಎಂದು ಅದನ್ನು ಬಿಚ್ಚಿ ನೋಡಿದ್ದಾಯಿತು. ಆಮೇಲೆ ನೀರು ಫ್ಯೂಸ್ ಬಾಕ್ಸ್‌ಗೆ ಇಳಿದು ವೈಪರ್ ತಾನಾಗಿ ಓಡತೊಡಗಿತು.

ಗ್ಲಾಸ್ ತೆಗೆಯಲು ಕೂತಾಗ ತಂತಿಯೂ ಬೇಕಾಗಲಿಲ್ಲ, ಚಾಕುವೂ ಬೇಕಾಗಲಿಲ್ಲ. ಮೂಲೆಯಲ್ಲಿ ಉಗುರು ಹಾಕಿ ಎಳೆದರೆ ಅಂಟು ಪಟ್ಟಿಯಂತೆ ಎದ್ದು ಬಂತು. ಅದರಡಿ ಬಾಡಿಯ ಅಂಚಿನ ಬಣ್ಣ ಉಬ್ಬಿ ಜಂಗು ಹಿಡಿದಿತ್ತು. ಗ್ಲಾಸಿನ ಅಂಚಿನಲ್ಲಿ ಬೆರಳಗಲ ಬೆಳ್ಳಗೆ ಮಂಜು ಕಟ್ಟಿತ್ತು. ಸರಿಯಾಗಿ ಕೂತ ಗ್ಲಾಸ್ ಹೀಗೆ ಬರುವುದೇ ಇಲ್ಲ. ತಂತಿ ತೂರಿಸಿ ಇಬ್ಬರು ಗರಗಸದಂತೆ ಎಳೆದು ಕೊಯ್ಯಬೇಕು.

ಬಾತ್‌ರೂಮ್ ಸಂದಿಗೆ ತುಂಬುವ ಸಿಲಿಕೋನ್ ಹಚ್ಚಿದ್ದೇ ಕಾರಣ. ಬಹಳಷ್ಟು ಅಗ್ಗದ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಹಚ್ಚುವಾಗಲೇ ವಿನೆಗರ್ ವಾಸನೆ ಮೂಗಿಗೆ ಹೊಡೆಯುತ್ತದೆ. ಆ ಆಮ್ಲ ಲೋಹಕ್ಕೆ ಜಂಗು ಹಿಡಿಸುತ್ತದೆ. ಮುಂದಿನ ಗ್ಲಾಸ್ ಎಂದರೆ ಸುಮಾರು 2 ಮಿ.ಮೀ.ನ ಎರಡು ಗಾಜು, ನಡುವೆ 0.76 ಮಿ.ಮೀ.ನ ಪಿವಿಬಿ ಎಂಬ ಪ್ಲಾಸ್ಟಿಕ್ ಹಾಳೆ. ಗಟ್ಟಿಯಾಗಿ ಮುಚ್ಚುವ ಪಾತ್ರೆಯಾದ ಆಟೋಕ್ಲೇವ್‌ನಲ್ಲಿ ಸುಮಾರು 140 ಡಿಗ್ರಿ ಶಾಖ, 12 ಬಾರ್ ಆಸುಪಾಸಿನ ಒತ್ತಡ ಕೊಟ್ಟು ಒಂದಾಗಿಸಿರುತ್ತಾರೆ. ಆಮ್ಲವೂ ತೇವವೂ ಅಂಚಿನಿಂದ ಆ ಹಾಳೆಗೆ ತಾಗಿದರೆ ಗಾಜಿನಿಂದ ಬಿಡಲು ಶುರು, ಬೆಳ್ಳಗಾಗುವುದು ಅದಕ್ಕೇ.

ರಬ್ಬರ್ ಬೀಡಿಂಗ್‌ನಲ್ಲಿ ಕೂರುವ ಹಳೆಯ ಲಾರಿ ಗ್ಲಾಸಿಗೆ ನೀರು ಸೋರದಂತೆ ಏನಾದರೂ ಬಳಿದರೆ ನಡೆಯುತ್ತಿತ್ತು. ಈಗಿನ ಕಾರಿನಲ್ಲಿ ಅಂಟೇ ಗ್ಲಾಸನ್ನು ಹಿಡಿದಿರುತ್ತದೆ. ಹೆಚ್ಚಿನ ಕಾರುಗಳಲ್ಲಿ ಎಡಗಡೆಯ ಏರ್‌ಬ್ಯಾಗ್ ಡ್ಯಾಶ್‌ಬೋರ್ಡಿನಿಂದ ಮೇಲೆ ಚಿಮ್ಮಿ ಇದೇ ಗ್ಲಾಸಿಗೆ ಬಡಿದು ಸೀಟಿನ ಕಡೆ ತಿರುಗುತ್ತದೆ. ಗ್ಲಾಸ್ ಕಿತ್ತುಹೋದರೆ ಬ್ಯಾಗ್ ಹೊರಗೆ, ಮನುಷ್ಯ ಒಳಗೆ. ನೀರು ಸೋರಿದ್ದರಿಂದಲೇ ಈ ಕಾರಿನ ದೋಷ ಸಿಕ್ಕಿತು, ಅದೊಂದು ಪುಣ್ಯ.

ಹಾಕಬೇಕಾದದ್ದು ಪಾಲಿಯುರಿಥೇನ್ ಅಂಟು. ಟ್ಯೂಬಿನ ಮೇಲೆ ಹೆಸರು, ಎಕ್ಸ್‌ಪೈರಿ ಎರಡೂ ಓದಿ. ಹಳೆಯ ಅಂಟೂ ಪಾಲಿಯುರಿಥೇನ್ ಆಗಿದ್ದರೆ ಅದನ್ನು ಪೂರ್ತಿ ಕೆರೆಯಬಾರದು, 1-2 ಮಿ.ಮೀ. ಉಳಿಸಿ ಅದರ ಮೇಲೆ ಹೊಸದು ಹಾಕಬೇಕು. ಬಣ್ಣ ಗೀರಿ ತಗಡು ಕಂಡಲ್ಲಿ ಪ್ರೈಮರ್, ಅಂದರೆ ಅಂಟಿಗೆ ಮೊದಲು ಬಳಿಯುವ ದ್ರವ, ಹಚ್ಚಬೇಕು. ಗ್ಲಾಸಿನ ಸುತ್ತಲಿನ ಕಪ್ಪು ಪಟ್ಟಿಯನ್ನು ಒರೆಸಿ, ಅದಕ್ಕೂ ಪ್ರೈಮರ್ ಹಚ್ಚಿ ಒಣಗಲು ಬಿಡಬೇಕು. ಆ ಪಟ್ಟಿ ಬಿಸಿಲಿನಿಂದ ಅಂಟನ್ನು ಕಾಯುತ್ತದೆ. ವಿ ಆಕಾರದ ನಾಜಲ್‌ನಿಂದ ಎಲ್ಲೂ ಕಡಿಯದಂತೆ ತ್ರಿಕೋನದ ಒಂದೇ ಎಳೆ ಎಳೆದು, ಮೇಲೆ ಕೆನೆ ಕಟ್ಟುವ ಮೊದಲೇ ಗ್ಲಾಸ್ ಇಡಬೇಕು. ತಡಮಾಡಿದರೆ ಕೂತಂತೆ ಕಾಣುತ್ತದೆ, ಹಿಡಿಯುವುದಿಲ್ಲ.

ಈ ಅಂಟು ಗಟ್ಟಿಯಾಗುವುದು ಗಾಳಿಯ ತೇವದಿಂದ, ದಿನಕ್ಕೆ ಸುಮಾರು 3-4 ಮಿ.ಮೀ. ಗಾಳಿ ಒಣಗಿದ್ದರೆ ಇನ್ನೂ ನಿಧಾನ. ಎಷ್ಟು ತಾಸು ಗಾಡಿ ಓಡಿಸಬಾರದು ಎಂಬುದು ಅಂಟಿನ ಕಂಪನಿಯ ಹಾಳೆಯಲ್ಲಿರುತ್ತದೆ. ಅಂಗಡಿಯವರ ಬಾಯಿಮಾತು ಬೇಡ, ಹಾಳೆ ಕೇಳಿ. ಮೊದಲ ದಿನ ಒಂದು ಕಿಟಕಿ ಸ್ವಲ್ಪ ಇಳಿಸಿಡಿ. ಎಲ್ಲ ಮುಚ್ಚಿ ಬಾಗಿಲು ಬಡಿದರೆ ಒಳಗಿನ ಗಾಳಿ ಹಸಿ ಅಂಟನ್ನು ತಳ್ಳುತ್ತದೆ. ಪ್ರೆಶರ್ ವಾಷಿಂಗ್ ಎರಡು ದಿನ ಬೇಡ.

ಗ್ಲಾಸ್ ಮೂಲೆಯಲ್ಲಿ ಐಎಸ್‌ಐ ಗುರುತು, ಐಎಸ್ 2553 ಎಂಬ ಮಾನದಂಡದ ಸಂಖ್ಯೆ, ಲ್ಯಾಮಿನೇಟೆಡ್ (ನಡುವೆ ಹಾಳೆ ಇರುವ ಗಾಜು) ಎಂಬ ಬರಹ ಗಾಜಿನಲ್ಲೇ ಅಚ್ಚಾಗಿರಬೇಕು. ಸ್ಟಿಕ್ಕರ್ ಆಗಿದ್ದರೆ ತಿರುಗಿ ಕೊಟ್ಟುಬಿಡಿ. ಬಾಗಿಲಿನ ಗ್ಲಾಸ್ ಸಾಮಾನ್ಯವಾಗಿ ಟೆಂಪರ್ಡ್: 600 ಡಿಗ್ರಿ ದಾಟಿಸಿ ಕಾಯಿಸಿ, ಗಾಳಿ ರಭಸದಿಂದ ಬೀಸಿ ತಟ್ಟನೆ ತಣಿಸಿದ್ದು. ಆಮೇಲೆ ಅದನ್ನು ಕತ್ತರಿಸಲು ಬರುವುದಿಲ್ಲ, ಕತ್ತರಿಸಹೋದರೆ ಇಡೀ ಗಾಜು ಪುಡಿ. ಹಾಗಾಗಿ “ಬ್ಯಾರೆ ಗಾಡೀದು ಐತಿ, ಕೊಯ್ದು ಕೂಡಸ್ತೀವಿ” ಎಂದು ನಿಮ್ಮೆದುರೇ ಕೊಯ್ದು ಕೊಟ್ಟರೆ ಅದು ಟೆಂಪರ್ಡ್ ಅಲ್ಲ. ಮನೆ ಕಿಟಕಿಯ ಸಾದಾ ಗಾಜಾಗಿದ್ದರೆ ಒಡೆದಾಗ ಚೂರಿಯಂತೆ ಸೀಳುತ್ತದೆ.

ಇಷ್ಟೆಲ್ಲ ಆಗುವುದು ದುಡ್ಡು ಉಳಿಸಲು ಹೋಗಿ. ಆದರೆ ಭಾಗ ಹಳತಾಗಿದೆ ಎಂದು ಸವಕಳಿ ಕಳೆಯದ ಬಂಪರ್-ಟು-ಬಂಪರ್ ಇಲ್ಲದ ಸಾದಾ ಫುಲ್ ಇನ್ಶೂರೆನ್ಸ್‌ನಲ್ಲೂ ಗಾಜಿನ ಭಾಗಕ್ಕೆ ಸವಕಳಿ ಕಡಿತವಿಲ್ಲ. ರಬ್ಬರ್, ಪ್ಲಾಸ್ಟಿಕ್‌ಗೆ 50 ಪರ್ಸೆಂಟ್ ಕಡಿತವಿದೆ. ಕ್ಲೇಮ್ ಮಾಡಿದರೆ ಮುಂದಿನ ವರ್ಷದ ನೋ ಕ್ಲೇಮ್ ಬೋನಸ್ ಹೋಗಬಹುದು, ಅದನ್ನು ಲೆಕ್ಕ ಹಾಕಿಯೇ ತೀರ್ಮಾನಿಸಿ.

ಈಗಾಗಲೇ ಸಿಲಿಕೋನ್ ಹಾಕಿಸಿಕೊಂಡಿದ್ದರೆ, ಅದರ ಮೇಲೆಯೇ ಪಾಲಿಯುರಿಥೇನ್ ಎಳೆಯಲು ಬಿಡಬೇಡಿ. ಸಿಲಿಕೋನ್‌ನ ಜಿಡ್ಡು ಉಳಿದ ಜಾಗಕ್ಕೆ ಅದು ಅಂಟುವುದೇ ಇಲ್ಲ. ಗ್ಲಾಸ್ ಪೂರ್ತಿ ತೆಗೆಸಿ, ಜಿಡ್ಡನ್ನೂ ಜಂಗನ್ನೂ ತಗಡಿನವರೆಗೆ ತಿಕ್ಕಿಸಿ, ಬಣ್ಣ ಮತ್ತು ಪ್ರೈಮರ್ ಒಣಗಿದ ಮೇಲೆಯೇ ಗ್ಲಾಸ್ ಕೂರಿಸಬೇಕು. ಟಿಂಕರಿಂಗ್, ಪೇಂಟಿಂಗ್ ಸೇರಿ ಎರಡು-ಮೂರು ದಿನದ ಕೆಲಸ. ಅದರ ಖರ್ಚನ್ನು ಮೊದಲ ಅಂಗಡಿಯವರ ಬಳಿ ಕೇಳಲು ಬಿಲ್ ಇಟ್ಟುಕೊಂಡಿರಿ.