ಕುಸುಬಿ, ಶೇಂಗಾ, ಕೊಬ್ಬರಿ: ಮನೆ ಸೋಪಿಗೆ ಯಾವ ಎಣ್ಣೆ?

ಇಂಡಿ ಕಡೆಯ ನಮ್ಮ ಬೋರ್‌ವೆಲ್ ನೀರು ಗಡಸು. ನೀರಿನಲ್ಲಿರುವ ಸುಣ್ಣದ ಅಂಶ ಸೋಪಿನ ಜೊತೆ ಸೇರಿ ಬಕೆಟ್ಟಿಗೆ ಬಿಳಿ ಜಿಡ್ಡು ಕಟ್ಟುತ್ತದೆ, ನೊರೆ ಏಳುವುದಿಲ್ಲ. ಹಾಗಾಗಿ ಮನೆಯಲ್ಲೇ ಸೋಪು ಮಾಡುವಾಗ ಈ ನೀರಿನಲ್ಲಿ ಯಾವ ಎಣ್ಣೆ ನಡೆಯುತ್ತದೆ ಅಂತಲೇ ಮೊದಲು ನೋಡಿದೆ.

ಕುಸುಬಿ ನಮ್ಮದೇ ಬೆಳೆ. ಬಿಳಿಜೋಳದಲ್ಲಿ ಅಕ್ಕಡಿ ಹಾಕುತ್ತೇವೆ, ಗಾಣದ ಎಣ್ಣೆ ಮನೆಯಲ್ಲೇ ಇರುತ್ತದೆ. ಅದರ ಸೋಪು ಮೈಗೆ ತುಂಬಾ ಹಿತ. ಆದರೆ ಬಿಲ್ಲೆ ಗಟ್ಟಿಯಾಗುವುದೇ ಇಲ್ಲ, ಒದ್ದೆಯಾದರೆ ಲೋಳೆ. ಕುಸುಬಿ ಎಣ್ಣೆಯಲ್ಲಿ ಲಿನೋಲಿಕ್ ಆಮ್ಲ ಎಂಬ ಕೊಬ್ಬಿನಂಶ ಜಾಸ್ತಿ, ಅಂಥ ಎಣ್ಣೆ ಗಾಳಿಗೆ ಬೇಗ ಕೆಡುತ್ತದೆ. ನಮ್ಮ ಬೇಸಿಗೆಯಲ್ಲಂತೂ ಬಿಲ್ಲೆ ಮೇಲೆ ಕೇಸರಿ ಚುಕ್ಕೆ ಬಿದ್ದು ಕಮಟು ವಾಸನೆ ಬಂತು.

ಶೇಂಗಾ ಎಣ್ಣೆಯದು ಅದಕ್ಕಿಂತ ವಾಸಿ. ಮೃದು, ಆದರೆ ನೊರೆ ಕಡಿಮೆ.

ಕೊಬ್ಬರಿ ಎಣ್ಣೆ ಪೇಟೆಯಿಂದ ತರಬೇಕು, ಖರ್ಚು ಇದೆ. ಆದರೂ ಗಡಸು ನೀರಲ್ಲಿ ಗೆದ್ದಿದ್ದು ಅದೇ. ಬಿಲ್ಲೆ ಕಲ್ಲಿನ ಹಾಗೆ, ನೊರೆ ಧಾರಾಳ. ಅದೊಂದನ್ನೇ ಹಾಕಿದರೆ ಮಾತ್ರ ಚರ್ಮ ಒಣಗಿ ಬಿಗಿಯುತ್ತದೆ. ಚಳಿಗಾಲದಲ್ಲಿ ಮಕ್ಕಳಿಗೆ ಅದು ಬೇಡವೇ ಬೇಡ.

ನನ್ನ ಆಯ್ಕೆ ಬೆರಕೆ: ಶೇಂಗಾ 700 ಗ್ರಾಂ, ಕೊಬ್ಬರಿ 300 ಗ್ರಾಂ, ಕಾಸ್ಟಿಕ್ ಸೋಡಾ 142 ಗ್ರಾಂ, ನೀರು 320 ಗ್ರಾಂ. ಎಲ್ಲವನ್ನೂ ತೂಕ ಮಾಡಿಯೇ ಹಾಕಬೇಕು. ಈ ಅಳತೆಯಲ್ಲಿ ಸುಮಾರು 5% ಎಣ್ಣೆ ಸೋಪಾಗದೆ ಉಳಿಯುತ್ತದೆ, ಮೈಗೆ ಅದೇ ಒಳ್ಳೆಯದು. ಸೋಡಾವನ್ನು ನೀರಿಗೆ ಹಾಕಬೇಕು, ಸೋಡಾದ ಮೇಲೆ ನೀರು ಸುರಿಯಲೇಬಾರದು, ಸಿಡಿಯುತ್ತದೆ. ಕೈಗವಸು, ಕನ್ನಡಕ ಬೇಕೇ ಬೇಕು. ಸ್ಟೀಲ್ ಪಾತ್ರೆ ಬಳಸಿ. ಅಲ್ಯೂಮಿನಿಯಂ ಪಾತ್ರೆಯನ್ನು ಸೋಡಾ ತಿಂದುಬಿಡುತ್ತದೆ. ಅಚ್ಚಿನಿಂದ ತೆಗೆದ ಬಿಲ್ಲೆಗಳು ನೆರಳಲ್ಲಿ 4ರಿಂದ 6 ವಾರ ಒಣಗಲಿ.

"ಹತ್ತಿಕಟ್ಟಿಗೆ ಬೂದಿ ಇರುವಾಗ ಸೋಡಾ ಯಾಕೆ?" ಅಂತ ಅತ್ತೆ ಕೇಳಿದರು. ಅದನ್ನೂ ಮಾಡಿದೆವು. ಬೂದಿ ನೀರಿಗೆ ಸುಣ್ಣ ಸೇರಿಸಿ, ತಿಳಿ ಬಸಿದು, ಎಣ್ಣೆ ಜೊತೆ ಕುದಿಸಿದೆವು. ಬೂದಿಯಲ್ಲಿರುವುದು ಪೊಟ್ಯಾಶ್, ಅದರಿಂದ ಬಿಲ್ಲೆ ಆಗುವುದಿಲ್ಲ, ಮೆತ್ತಗಿನ ಮುದ್ದೆಯೇ ಆಗುತ್ತದೆ. ಬೂದಿ ನೀರಿನ ಕ್ಷಾರ ಒಂದೊಂದು ಸಲ ಒಂದೊಂದು ರೀತಿ, ಹಾಗಾಗಿ ಮೈಗೆ ಹಚ್ಚಲು ನನಗೆ ಧೈರ್ಯ ಇಲ್ಲ. ಪಾತ್ರೆ ತಿಕ್ಕಲು ಮಾತ್ರ ಅದನ್ನು ಮೀರಿಸಿದ್ದಿಲ್ಲ.

ಕುಸುಬಿ ಬಿಡಲು ಮನಸ್ಸಿಲ್ಲವೇ? ಶೇಂಗಾದಲ್ಲಿ 100 ಗ್ರಾಂ ಕಡಿಮೆ ಮಾಡಿ ಅಷ್ಟೇ ಕುಸುಬಿ ಹಾಕಿ. ಎರಡಕ್ಕೂ ಹಿಡಿಯುವ ಸೋಡಾ ಹೆಚ್ಚುಕಡಿಮೆ ಒಂದೇ, ಅಳತೆ ಬದಲಿಸುವುದು ಬೇಡ.