ಹಳೆಯ ಹಲಗೆಯ ಹಬ್ಬದ ಫಲಕ, ಮತ್ತು ನಮ್ಮ ಮನೆಯೊಳಕ್ಕೆ ಬಂದ ಸೀಸ

ಕೆಡವಿದ ಕಟ್ಟಡಗಳಿಂದ ಬಂದ, ಬಣ್ಣ ಹಕ್ಕಳೆ ಎದ್ದ ಹಲಗೆಗಳನ್ನು ತಂದು ಹಬ್ಬದ ಫಲಕ ಮಾಡಿಕೊಳ್ಳಬೇಕೆಂದಿರುವವರು, ಅದರಲ್ಲೂ ಮನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿರುವವರು, ಉಪ್ಪುಕಾಗದವನ್ನು ಕೈಗೆತ್ತಿಕೊಳ್ಳುವ ಮೊದಲು ಇದನ್ನು ಓದಬೇಕೆಂದು ಕೋರುತ್ತೇನೆ. ನಾನು ಮಾಡಿದ ಫಲಕ ಮೂರು ಅಡಿ ಉದ್ದ, ಎರಡು ಅಡಿ ಅಗಲದ್ದು. ಅದನ್ನು ಮಾಡಲು ಹಿಡಿದದ್ದು ಎರಡು ಶನಿವಾರ. ಅದರ ಧೂಳಿನಿಂದ ನನ್ನ ಎರಡು ವರ್ಷದ ಮಗನ ರಕ್ತಕ್ಕೆ ಸೇರಿದ ಸೀಸ ಇಳಿಯಲು ಒಂದು ವರ್ಷ ಬೇಕಾಯಿತು.

ನಾವಿರುವುದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಭಾಗದಲ್ಲಿ, ರಾಚೆಸ್ಟರ್ ನಗರದ ಹೊರವಲಯದಲ್ಲಿ. ಸುತ್ತಮುತ್ತ ಸೇಬಿನ ತೋಟಗಳು, ಅವುಗಳ ನಡುವೆ ಹುಲ್ಲು ಮತ್ತು ದನಗಳಿಗೆಂದು ಕಟ್ಟಿದ ಬಾರ್ನ್ ಎಂಬ ಭಾರಿ ಮರದ ಕೊಟ್ಟಿಗೆಗಳು. ಇವುಗಳನ್ನು ಕೆಡವಿದಾಗ ಸಿಗುವ ಹಲಗೆಗಳಿಗೆ ಇಲ್ಲಿ ಬಹಳ ಬೇಡಿಕೆ, ಏಕೆಂದರೆ ನವೆಂಬರ್ ಬಂತೆಂದರೆ ಮನೆಮನೆಯ ಬಾಗಿಲ ಬಳಿಯೂ ಅಂಥ ಹಲಗೆಯ ಮೇಲೆ ಕ್ರಿಸ್‌ಮಸ್ ಶುಭಾಶಯ ಬರೆದ ಫಲಕವೊಂದು ಕಾಣಿಸಿಕೊಳ್ಳುತ್ತದೆ. ನನ್ನ ಯೋಚನೆಯೂ ಅದೇ ಆಗಿತ್ತು, ಸಣ್ಣದೊಂದು ತಿದ್ದುಪಡಿಯೊಂದಿಗೆ: ಒಂದು ಮುಖದಲ್ಲಿ ಕ್ರಿಸ್‌ಮಸ್ ಶುಭಾಶಯ, ಇನ್ನೊಂದು ಮುಖದಲ್ಲಿ ಕನ್ನಡದಲ್ಲಿ ಸಂಕ್ರಾಂತಿಯ ಶುಭಾಶಯ, ಹೊಸ ವರ್ಷ ಕಳೆದ ಮೇಲೆ ಫಲಕವನ್ನು ತಿರುಗಿಸಿಬಿಟ್ಟರೆ ಜನವರಿಯ ಮಧ್ಯದವರೆಗೂ ನಡೆಯುತ್ತದೆ ಎಂಬ ಲೆಕ್ಕಾಚಾರ.

2022ರ ಅಕ್ಟೋಬರ್ ಕೊನೆಯಲ್ಲಿ, ರಸ್ತೆಯ ಬದಿ ಹಲಗೆಗಳನ್ನು ಒಟ್ಟಿಕೊಂಡು ಮಾರುತ್ತಿದ್ದ ಹಿರಿಯರೊಬ್ಬರಿಂದ 40 ಡಾಲರಿಗೆ ಐದು ಹಲಗೆ ಕೊಂಡೆ. ಮೂರು ಕೆಂಪು, ಎರಡು ಬಿಳಿ. ಬಣ್ಣದಲ್ಲಿ ಅಪಾಯಕಾರಿಯಾದದ್ದೇನಾದರೂ ಇದೆಯೇ ಎಂದು ನಾನು ಕೇಳದೆ ಇರಲಿಲ್ಲ. ನೂರು ವರ್ಷದ ಮರ, ಆ ಕಾಲದಲ್ಲಿ ಈ ಕೆಮಿಕಲ್‌ಗಳೆಲ್ಲ ಎಲ್ಲಿದ್ದವು ಎಂದು ಅವರು ನಕ್ಕರು, ನಾನೂ ನಕ್ಕೆ. ಅವರು ಸುಳ್ಳು ಹೇಳಿದರೆಂದು ನನಗೆ ಈಗಲೂ ಅನ್ನಿಸುವುದಿಲ್ಲ. ಅಜ್ಜನ ಕಾಲದ್ದೆಂದರೆ ಶುದ್ಧ ಎಂದು ನಂಬಿಯೇ ಬೆಳೆದ ನನಗೆ ಆ ಮಾತು ಹಿತವಾಗಿ ಕೇಳಿಸಿತು, ಅಷ್ಟೆ. ಬಣ್ಣದ ಮಟ್ಟಿಗೆ ಸತ್ಯ ಇದಕ್ಕೆ ತಿರುಗುಮುರುಗು. ಹಳೆಯ ಎಣ್ಣೆಬಣ್ಣದ ಬಿಳುಪಿಗೆ ಕಾರಣವೇ ಸೀಸದ ಕಾರ್ಬೊನೇಟು. ಬಣ್ಣ ಎಷ್ಟು ಹಳೆಯದೋ ಅದರಲ್ಲಿ ಸೀಸ ಅಷ್ಟು ಹೆಚ್ಚಿರುವ ಸಂಭವವಿದೆ, ಮತ್ತು ಮನೆಬಳಕೆಯ ಬಣ್ಣದಲ್ಲಿ ಸೀಸವನ್ನು ಅಮೆರಿಕ ನಿಷೇಧಿಸಿದ್ದು 1978ರಲ್ಲಿ ಮಾತ್ರ. ಬಾರ್ನ್‌ಗಳ ಕೆಂಪು ಬಣ್ಣ ಸಾಮಾನ್ಯವಾಗಿ ಕಬ್ಬಿಣದ ಆಕ್ಸೈಡನ್ನು ಅಗಸೆ ಎಣ್ಣೆಯಲ್ಲಿ ಕಲಸಿದ್ದು ಎಂದು ನಾನು ಎಲ್ಲೋ ಓದಿದ್ದೆ, ಅದು ತಪ್ಪೂ ಅಲ್ಲ. ಆದರೆ ಅದೇ ಕಟ್ಟಡದ ಬಾಗಿಲು ಮತ್ತು ಅಂಚುಪಟ್ಟಿಗಳಿಗೆ ಬಳಿದ ಬಿಳಿಯ ವಿಷಯ ಬೇರೆ ಎಂಬುದು ನನ್ನ ಅರೆಬರೆ ತಿಳಿವಳಿಕೆಗೆ ಹೊಳೆಯಲಿಲ್ಲ.

ಹೊರಗೆ ಚಳಿ ಕೊರೆಯುತ್ತಿದ್ದುದರಿಂದ ಕೆಲಸವನ್ನು ಬೇಸ್‌ಮೆಂಟಿನಲ್ಲಿ ಮಾಡಿದೆ. ವಿದ್ಯುತ್ ಸ್ಯಾಂಡರ್‌ನಿಂದ ಹಲಗೆಗಳ ಅಂಚುಗಳನ್ನೂ, ಅಕ್ಷರ ಬರೆಯುವ ಜಾಗವನ್ನೂ ತಿಕ್ಕಿ ನುಣುಪು ಮಾಡಿದೆ. ಉಳಿದ ಕಡೆ ಬಣ್ಣ ಅಲ್ಲಲ್ಲಿ ಉಳಿಯಬೇಕು, ಅಲ್ಲಲ್ಲಿ ಮರ ಕಾಣಬೇಕು ಎಂದು ಬೇಕೆಂದೇ ಅರ್ಧಂಬರ್ಧ ತಿಕ್ಕಿದೆ. ಮುಖಕ್ಕೆ ಕಟ್ಟಿಕೊಂಡದ್ದು ಬಟ್ಟೆಯ ಮಾಸ್ಕ್. ಬಲ್ಬಿನ ಬೆಳಕಿನಲ್ಲಿ ಗೋಧಿಹಿಟ್ಟಿನಷ್ಟು ನುಣ್ಣನೆಯ ಧೂಳು ಏಳುತ್ತಿತ್ತು, ಇಳಿಯುತ್ತಲೇ ಇರಲಿಲ್ಲ. ಕೆಲಸ ಮುಗಿದ ಮೇಲೆ ಸಾಮಾನ್ಯ ವ್ಯಾಕ್ಯೂಮ್ ಹಾಕಿದೆ. ಹೆಪಾ ಫಿಲ್ಟರ್ ಇಲ್ಲದ ಅಂಥ ಯಂತ್ರ ದಪ್ಪ ಕಸವನ್ನು ಹಿಡಿದಿಟ್ಟುಕೊಂಡು, ನುಣ್ಣನೆಯ ಧೂಳನ್ನು ಹಿಂಬದಿಯಿಂದ ಕೋಣೆಗೇ ಊದುತ್ತದೆ ಎಂಬುದು ನನಗೆ ಗೊತ್ತಾದದ್ದು ಆಮೇಲೆ.

ಈ ದೇಶದ ಮನೆಗಳ ಪರಿಚಯವಿಲ್ಲದವರಿಗೆ ಒಂದು ವಿವರ ಹೇಳಬೇಕು. ಚಳಿಗಾಲದಲ್ಲಿ ಇಡೀ ಮನೆಯನ್ನು ಬೆಚ್ಚಗಿಡುವ ಫರ್ನೇಸ್ ಇರುವುದು ಅದೇ ಬೇಸ್‌ಮೆಂಟಿನಲ್ಲಿ. ಅದು ಗಾಳಿಯನ್ನು ಎಳೆದು, ಕಾಯಿಸಿ, ತಗಡಿನ ಕೊಳವೆಗಳ ಮೂಲಕ ಪ್ರತಿ ಕೋಣೆಯ ನೆಲದ ಜಾಲರಿಗೆ ಕಳುಹಿಸುತ್ತದೆ. ನಾನು ಸ್ಯಾಂಡರ್ ಹಿಡಿದು ಕುಳಿತದ್ದು ಅದರಿಂದ ಆರು ಅಡಿ ದೂರದಲ್ಲಿ, ಕೊಳವೆಯ ಬೆಸುಗೆ ಬಿಟ್ಟಿದ್ದ ಜಾಗದ ಪಕ್ಕದಲ್ಲಿಯೇ. ನನ್ನ ಮಗನಿಗೆ ಚಳಿಗಾಲದಲ್ಲಿ ಅತ್ಯಂತ ಪ್ರಿಯವಾದ ಜಾಗ ಯಾವುದೆಂದರೆ ಬೆಚ್ಚನೆಯ ಗಾಳಿ ಬರುವ ಆ ಜಾಲರಿ. ಅದರ ಮೇಲೆ ಆಟದ ಕಾರುಗಳನ್ನು ಸಾಲಾಗಿ ನಿಲ್ಲಿಸುವುದು, ಆಮೇಲೆ ಅವನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳುವುದು.

ಫಲಕ ಚೆನ್ನಾಗಿಯೇ ಬಂತು, ನೋಡಿದವರೆಲ್ಲ ಹೊಗಳಿದರು. ಉಳಿದ ತುಂಡುಗಳನ್ನು ಹಿತ್ತಲಿನಲ್ಲಿ ಸುಟ್ಟು ಕೈಕಾಯಿಸಿಕೊಂಡೆವು. ಇದನ್ನಂತೂ ಯಾರೂ ಮಾಡಬಾರದು: ಬಣ್ಣ ಉರಿಯುತ್ತದೆ, ಸೀಸ ಉರಿದುಹೋಗುವುದಿಲ್ಲ; ಹೊಗೆಯಲ್ಲಿಯೂ ಬೂದಿಯಲ್ಲಿಯೂ ಉಳಿಯುತ್ತದೆ.

ನ್ಯೂಯಾರ್ಕ್ ರಾಜ್ಯದ ಕಾನೂನಿನಂತೆ ಪ್ರತಿ ಮಗುವಿಗೂ ಒಂದು ವರ್ಷ ತುಂಬಿದಾಗ ಮತ್ತು ಎರಡು ವರ್ಷ ತುಂಬಿದಾಗ ರಕ್ತದಲ್ಲಿ ಸೀಸದ ಪರೀಕ್ಷೆ ಆಗಲೇಬೇಕು. ಮೊದಲ ವರ್ಷ ಮಗನ ಫಲಿತಾಂಶದ ಬಗ್ಗೆ ವೈದ್ಯರು ಮಾತೇ ಎತ್ತಿರಲಿಲ್ಲ, ಅಷ್ಟು ಕಡಿಮೆಯಿತ್ತು. 2023ರ ಜನವರಿಯಲ್ಲಿ ಬೆರಳು ಚುಚ್ಚಿ ತೆಗೆದ ರಕ್ತದಲ್ಲಿ 14 ಬಂತು. ಬೆರಳಿಗೆ ಅಂಟಿದ ಧೂಳಿನಿಂದಲೂ ಹಾಗಾಗಬಹುದೆಂದು ರಕ್ತನಾಳದಿಂದ ಮತ್ತೆ ತೆಗೆದರು, ಆಗ 12. ಇದು ಒಂದು ಡೆಸಿಲೀಟರ್ ರಕ್ತದಲ್ಲಿರುವ ಮೈಕ್ರೋಗ್ರಾಂಗಳ ಲೆಕ್ಕ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ 3.5 ದಾಟಿದರೆ ಗಮನಿಸಬೇಕು ಎನ್ನುತ್ತದೆ, ಈ ರಾಜ್ಯದಲ್ಲಿ 5 ಮುಟ್ಟಿದರೆ ಆರೋಗ್ಯ ಇಲಾಖೆಯವರು ಮನೆಗೆ ಬರುತ್ತಾರೆ. ಮಗನಿಗೆ ಜ್ವರವಿರಲಿಲ್ಲ, ವಾಂತಿಯಿರಲಿಲ್ಲ, ಊಟ ಬಿಟ್ಟಿರಲಿಲ್ಲ. ಪರೀಕ್ಷೆ ಕಡ್ಡಾಯವಾಗಿರದಿದ್ದರೆ ನಮಗೆ ಎಂದೆಂದಿಗೂ ತಿಳಿಯುತ್ತಿರಲಿಲ್ಲ.

ಮನೆಗೆ ಬಂದ ದಾದಿ ಮೊದಲು ನೋಡಿದ್ದು ನಮ್ಮ ಅಡುಗೆಮನೆಯನ್ನು. ಅರಿಶಿನ ಎಲ್ಲಿಯದು, ಕುಂಕುಮ ಎಲ್ಲಿಯದು, ಮಗುವಿಗೆ ಕಾಡಿಗೆ ಹಚ್ಚುತ್ತೀರಾ, ಊರಿನಿಂದ ತಂದ ಆಯುರ್ವೇದದ ಗುಳಿಗೆ ಕೊಟ್ಟಿದ್ದೀರಾ? ಆ ಪ್ರಶ್ನೆಗಳಿಗೆ ಆಧಾರವಿಲ್ಲದೆ ಇಲ್ಲ. ಬಣ್ಣ ಬರಲೆಂದು ಅರಿಶಿನಕ್ಕೆ ಸೀಸದ ಕ್ರೋಮೇಟ್ ಬೆರೆಸಿದ ಪ್ರಕರಣಗಳಿವೆ, ಕೆಲವು ಕುಂಕುಮ, ಕಾಡಿಗೆಗಳಲ್ಲಿಯೂ ಸೀಸ ಸಿಕ್ಕಿದೆ. ಆದರೆ ಆಗ ನಮ್ಮೊಂದಿಗಿದ್ದ ಅಮ್ಮ, ತಾವೇ ಕುಟ್ಟಿ ತಂದಿದ್ದ ಅರಿಶಿನದ ಡಬ್ಬಿಯನ್ನು ಅವರ ಮುಂದಿಟ್ಟು, “ನನ್ನ ಕೈಯಿಂದಲೇ ಆಯಿತೇನೋ ಮಗೂಗೆ?” ಎಂದು ನನ್ನನ್ನು ಕೇಳಿದ್ದನ್ನು ನಾನು ಮರೆಯಲಾರೆ. ಮಾದರಿಗಳು ಪ್ರಯೋಗಾಲಯಕ್ಕೆ ಹೋಗಿ ಬರುವವರೆಗೆ ಅವರು ಒಲೆಯ ಹತ್ತಿರ ಹೋಗಲಿಲ್ಲ.

ಆಮೇಲೆ ಬಂದ ತಪಾಸಣಾಧಿಕಾರಿ ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರವೊಂದನ್ನು ತಂದಿದ್ದರು. ನಮ್ಮ ಮನೆ ಕಟ್ಟಿದ್ದು 1996ರಲ್ಲಿ, ಆದ್ದರಿಂದ ಗೋಡೆಗಳಲ್ಲಿ, ಕಿಟಕಿಗಳಲ್ಲಿ ಏನೂ ಸಿಗಲಿಲ್ಲ. ಇತ್ತೀಚೆಗೆ ಏನನ್ನಾದರೂ ತಿಕ್ಕಿದ್ದೀರಾ, ಕೆರೆದಿದ್ದೀರಾ ಎಂದು ಅವರು ಕೇಳುವಾಗ ಅವರ ಕಣ್ಣು ಬಾಗಿಲ ಪಕ್ಕದ ಫಲಕದ ಮೇಲಿತ್ತು. ಯಂತ್ರವನ್ನು ಕೆಂಪು ಹಲಗೆಗೆ ಒತ್ತಿದರು, ಸೊನ್ನೆಯ ಹತ್ತಿರ. ಬಿಳಿ ಹಲಗೆಗೆ ಒತ್ತಿದರು, 9 ದಾಟಿತು. ಒಂದು ಚದರ ಸೆಂಟಿಮೀಟರಿಗೆ 1 ಮಿಲಿಗ್ರಾಂ ಇದ್ದರೇ ಅದನ್ನು ಸೀಸದ ಬಣ್ಣವೆಂದು ಪರಿಗಣಿಸುವುದು ಇಲ್ಲಿಯ ನಿಯಮ. ಮಗ ಆಡುತ್ತಿದ್ದ ಜಾಲರಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆದ ಧೂಳಿನಲ್ಲಿಯೂ ಸೀಸ ಸಿಕ್ಕಿತು. ಅರಿಶಿನ, ಕುಂಕುಮಗಳಲ್ಲಿ ಏನೂ ಇರಲಿಲ್ಲ.

ಈ ಮಟ್ಟಕ್ಕೆ ಔಷಧವಿಲ್ಲ. ಸೀಸವನ್ನು ದೇಹದಿಂದ ಹೊರಹಾಕುವ ಚಿಕಿತ್ಸೆಯನ್ನು ಸಾಮಾನ್ಯವಾಗಿ 45ರಿಂದ ಮೇಲಕ್ಕೆ ಮಾತ್ರ ಕೊಡುತ್ತಾರೆ. ಅದಕ್ಕಿಂತ ಕೆಳಗೆ ಮಾಡುವುದು ಮೂಲವನ್ನು ತೆಗೆದುಹಾಕಿ, ಕಬ್ಬಿಣ, ಸುಣ್ಣದ ಅಂಶವಿರುವ ಆಹಾರ ಕೊಟ್ಟು, ಕಾಯುವುದು. ಕೊಳವೆಗಳ ಶುದ್ಧೀಕರಣ, ಹೆಪಾ ವ್ಯಾಕ್ಯೂಮ್, ಎಸೆದ ಎರಡು ಜಮಖಾನೆ, ಎಲ್ಲ ಸೇರಿ ಎರಡು ಸಾವಿರ ಡಾಲರಿಗಿಂತ ಹೆಚ್ಚು ಖರ್ಚಾಯಿತು. ಮಗನ ಅಂಕಿ ಏಪ್ರಿಲ್‌ನಲ್ಲಿ 8ಕ್ಕೆ, ಆಗಸ್ಟ್‌ನಲ್ಲಿ 5ಕ್ಕೆ ಇಳಿಯಿತು, ಮರುವರ್ಷದ ಜನವರಿಯಲ್ಲಿ 3ಕ್ಕೆ ಬಂತು. ರಕ್ತದಿಂದ ಇಳಿದ ಸೀಸದಲ್ಲಿ ಒಂದಷ್ಟು ಮೂಳೆ ಸೇರಿ ಅಲ್ಲಿ ದಶಕಗಳ ಕಾಲ ಉಳಿಯುತ್ತದೆ ಎಂಬುದನ್ನು ವೈದ್ಯರು ಮುಚ್ಚಿಡಲಿಲ್ಲ.

ಅಧಿಕಾರಿ ಹೊರಡುವಾಗ ಗ್ಯಾರೇಜಿನಲ್ಲಿ ಒರಗಿಸಿಟ್ಟಿದ್ದ ಇನ್ನೊಂದು ರಾಶಿಯನ್ನೂ ನೋಡಿದರು. ಪಕ್ಕದ ಮನೆಯವರು ಹಳೆಯ ಜಗಲಿ ಕಿತ್ತಾಗ ಮುಂದಿನ ಫಲಕಕ್ಕೆಂದು ಇಸಿದುಕೊಂಡಿದ್ದ ಹಸಿರು ಛಾಯೆಯ ಹಲಗೆಗಳು. ಗೆದ್ದಲು ಹಿಡಿಯದಿರಲೆಂದು ತಾಮ್ರ, ಕ್ರೋಮಿಯಂ, ಆರ್ಸೆನಿಕ್‌ಗಳ ದ್ರಾವಣವನ್ನು ಒತ್ತಡದಿಂದ ತುಂಬಿಸಿದ ಮರ ಅದು. 1930ರ ದಶಕದಲ್ಲಿ ಈ ವಿಧಾನವನ್ನು ಕಂಡುಹಿಡಿದವರು ನಮ್ಮ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೋಂಟಿ ಕಾಮೇಶಂ ಎಂದು ಆಮೇಲೆ ಓದಿದೆ. ಅಮೆರಿಕದಲ್ಲಿ ಮನೆಬಳಕೆಗೆ ಅದರ ತಯಾರಿಕೆ 2003ರ ಕೊನೆಗೆ ನಿಂತಿತು. ಅದಕ್ಕೂ ಹಿಂದಿನ ಜಗಲಿಯ ಹಲಗೆಯನ್ನು ತಿಕ್ಕುವುದೂ ಬೇಡ, ಸುಡುವುದೂ ಬೇಡ.

ಇಷ್ಟಾದ ಮೇಲೂ ಹಲಗೆಯ ಫಲಕವೇ ಬೇಕೆನ್ನುವವರು ಎಂದೂ ಬಣ್ಣ ಕಾಣದ ಹಲಗೆಯನ್ನೇ ಆರಿಸಿಕೊಳ್ಳಬೇಕು. ಸರಕು ಸಾಗಣೆಯ ಪ್ಯಾಲೆಟ್ ಆದರೆ ಅದರ ಮೇಲೆ ಸುಟ್ಟು ಒತ್ತಿದ ಮುದ್ರೆಯಲ್ಲಿ ‘ಎಚ್‌ಟಿ’ ಇದ್ದರೆ ಮರವನ್ನು ಬಿಸಿ ಮಾಡಿ ಹುಳ ಕೊಂದದ್ದೆಂದು ಅರ್ಥ, ‘ಎಂಬಿ’ ಇದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದೆಂದು ಅರ್ಥ, ಎರಡನೆಯದನ್ನು ಬಿಟ್ಟುಬಿಡಿ. ನಾನು ಈಗ ಮಾಡಿರುವುದು ಹೊಸ ಪೈನ್ ಹಲಗೆಯಲ್ಲಿ: ಮೊದಲು ಗಟ್ಟಿ ಟೀ ಡಿಕಾಕ್ಷನ್ ಬಳಿದು, ಒಣಗಿದ ಮೇಲೆ ಎರಡು ದಿನ ಉಕ್ಕಿನ ನಾರನ್ನು ನೆನೆಹಾಕಿದ ವಿನಿಗರ್ ಬಳಿದರೆ ಮರ ನೋಡುನೋಡುತ್ತಲೇ ಬೂದುಬಣ್ಣಕ್ಕೆ ತಿರುಗುತ್ತದೆ. ಬಣ್ಣ ಹಕ್ಕಳೆ ಎದ್ದ ಸೊಗಸು ಅದಕ್ಕೆ ಬರುವುದಿಲ್ಲ, ಒಪ್ಪುತ್ತೇನೆ.

ಊರಿನಲ್ಲಿರುವವರಿಗೂ ಇದು ಸಂಬಂಧಿಸಿದ ಮಾತೇ. ಹಳೆಯ ಮನೆಗಳ ಬಾಗಿಲು, ಕಿಟಕಿಗಳನ್ನು ಕೊಂಡು ನಾಮಫಲಕ, ಸುಸ್ವಾಗತದ ಫಲಕ ಮಾಡಿಸುವ ಆಸೆ ಬೆಂಗಳೂರಿನಲ್ಲಿಯೂ ಬೆಳೆದಿದೆ. ಭಾರತದಲ್ಲಿ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗವನ್ನು ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ, ಎಂದರೆ ಮೊನ್ನೆ ಮೊನ್ನೆ. ಅದಕ್ಕೂ ಹಿಂದಿನ ಎಣ್ಣೆಬಣ್ಣವನ್ನೆಲ್ಲ ಅನುಮಾನದಿಂದಲೇ ನೋಡಬೇಕು, ಮತ್ತು ಅಲ್ಲಿ ಎರಡು ವರ್ಷದ ಮಗುವಿನ ರಕ್ತದಲ್ಲಿ ಸೀಸ ಎಷ್ಟಿದೆಯೆಂದು ಕಡ್ಡಾಯವಾಗಿ ನೋಡುವ ಏರ್ಪಾಡಿಲ್ಲ. ಅರಸೀಕೆರೆಯ ನಮ್ಮ ಹಳೆಯ ಮನೆ ಕೆಡವಿದಾಗ ಚಿಕ್ಕಪ್ಪ ತೆಗೆದಿರಿಸಿದ ಹಸಿರು ಬಣ್ಣದ ತಲೆಬಾಗಿಲೊಂದಿದೆ. ಜಗಲಿಯಲ್ಲೇ ಆಚಾರಿಯವರನ್ನು ಕೂರಿಸಿ ಬಣ್ಣ ಕೆರೆಸಿ ಕಳಿಸುತ್ತೇನೆ ಎಂದು ಅವರು ಹೇಳಿದಾಗ, ಬೇಡ ಚಿಕ್ಕಪ್ಪ, ಮಕ್ಕಳು ಅಲ್ಲೇ ಆಡುತ್ತಾರೆ ಎಂದು ಇದನ್ನೆಲ್ಲ ವಿವರಿಸಿದೆ. “ನಿಮ್ಮಜ್ಜ ಎಪ್ಪತ್ತು ವರ್ಷ ಮುಟ್ಟಿದ ಬಾಗಿಲು ಕಣಪ್ಪಾ ಅದು” ಎಂದರು, ನೊಂದುಕೊಂಡೇ. ಬಾಗಿಲು ಸದ್ಯಕ್ಕೆ ಟಾರ್ಪಾಲಿನಲ್ಲಿ ಸುತ್ತಿಸಿಕೊಂಡು ಅಟ್ಟದ ಮೇಲಿದೆ.